ಕಾರಿನ ಕಣ್ಣಿಗೆ ಬಂದ ಪೊರೆ

ಬೆಳಗಿನ ವಾಯುವಿಹಾರಕ್ಕೆ ಹೊರಡುವವರು ತಮ್ಮ ಬಡಾವಣೆಯ ರಸ್ತೆಯ ಇಕ್ಕೆಲಗಳಲ್ಲಿ ನಿಂತ ಕಾರುಗಳ ಮುಖವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಏಳೆಂಟು ವರ್ಷ ದಾಟಿದ ಕಾರುಗಳಲ್ಲಿ ಅನೇಕವುಗಳ ಹೆಡ್‌ಲೈಟುಗಳು ಮಜ್ಜಿಗೆ ಬಳಿದಂತೆ ಮಂಕಾಗಿರುತ್ತವೆ. ಕೆಲವು ಹಳೆಯ ಪುಸ್ತಕದ ಹಾಳೆಯಂತೆ ಹಳದಿಗಟ್ಟಿರುತ್ತವೆ. ಗ್ಯಾರೇಜಿನ ನೆರಳು ಕಂಡ ಕಾರುಗಳಲ್ಲಿ ಈ ದೋಷ ಕಡಿಮೆ, ಬೀದಿಯಲ್ಲೇ ಬಿಸಿಲು ಕಾಯುವ ಕಾರುಗಳಲ್ಲಿ ಹೆಚ್ಚು. ನಿತ್ಯವೂ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವ ಕಾರಾದರೆ ಬಿಸಿಲಿಗೆ ಒಡ್ಡಿಕೊಂಡ ಬದಿಯ ದೀಪ ಬೇಗ ಮಂಕಾಗಿ, ಮರದ ನೆರಳಿನ ಬದಿಯ ದೀಪ ಇನ್ನೂ ತಿಳಿಯಾಗಿರುವುದೂ ಉಂಟು. ಇದೇ ಕಾರುಗಳ ಬಾನೆಟ್ಟು ಮಾತ್ರ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಸೀಟಿನ ಹೊದಿಕೆಗೆ, ಸುಗಂಧದ ಸೀಸೆಗೆ, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಗೆ ಧಾರಾಳವಾಗಿ ವೆಚ್ಚ ಮಾಡುವ ಮಾಲೀಕನಿಗೆ ಕಾರಿನ ಕಣ್ಣು ಮಂಜಾಗಿರುವುದು ಕಾಣುವುದಿಲ್ಲ. ಕಾಣದಿರುವುದಕ್ಕೆ ಕಾರಣವೂ ಇದೆ. ಈ ಮಂಕು ಒಂದು ದಿನದಲ್ಲಿ ಬರುವುದಿಲ್ಲ. ವರ್ಷಗಟ್ಟಲೆ ಕಾಲ ತೆಗೆದುಕೊಂಡು ಬರುತ್ತದೆ. ಕಣ್ಣಿನ ಪೊರೆಯೂ ಹಾಗೆಯೇ ತಾನೆ?

ಇದು ಕೇವಲ ಅಂದಚಂದದ ಪ್ರಶ್ನೆಯಾಗಿದ್ದರೆ ಒಂದು ಲೇಖನದ ಶ್ರಮ ಬೇಕಿರಲಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿಅಂಶಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಜನ ಸತ್ತರು. ಹೀಗೆ ಸತ್ತವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19.5ರಷ್ಟು ಮಂದಿ ಪಾದಚಾರಿಗಳು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅತಿ ಹೆಚ್ಚು ಅಪಘಾತಗಳು ನಡೆಯುವುದು ಸಂಜೆ ಆರರಿಂದ ಒಂಬತ್ತರ ನಡುವೆ. ಇವುಗಳಲ್ಲಿ ಎಷ್ಟಕ್ಕೆ ಮಂಕಾದ ದೀಪ ಕಾರಣವೆಂದು ಯಾವ ಪೊಲೀಸ್ ಠಾಣೆಯ ಮಹಜರಿನಲ್ಲಿಯೂ ಬರೆದಿರುವುದಿಲ್ಲ. ಬರೆಯಲು ಕಾಲಂ ಇದ್ದರೆ ತಾನೆ? ಆದರೆ ಕತ್ತಲಲ್ಲಿ ಹಿಂದಿನ ದೀಪವಿಲ್ಲದ ಟಿ.ವಿ.ಎಸ್.ನಲ್ಲಿ ಮನೆಗೆ ಮರಳುವ ಗಾರೆ ಕೆಲಸದವನಾಗಲೀ, ಹೆದ್ದಾರಿ ದಾಟುವ ಹೆಂಗಸಾಗಲೀ ತನ್ನ ಬಳಿ ಬೆಳಕಿಟ್ಟುಕೊಂಡಿರುವುದಿಲ್ಲ. ಅವರು ಇನ್ನೊಬ್ಬರಿಗೆ ಕಾಣುವುದು ಬರುತ್ತಿರುವ ವಾಹನದ ದೀಪದ ಬೆಳಕಿನಲ್ಲಿ ಮಾತ್ರ. ಆ ದೀಪ ಹೇಗಿದೆ ಎಂಬುದು ಕಾರಿನೊಳಗೆ ಕುಳಿತವರಿಗಿಂತ ಹೊರಗಿರುವವರಿಗೆ ಹೆಚ್ಚು ಮುಖ್ಯವಾದ ಸಂಗತಿ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ: ವೆಚ್ಚ ಉಳಿಸಿಕೊಂಡವನು ಒಬ್ಬ, ಬೆಲೆ ತೆರುವವನು ಮತ್ತೊಬ್ಬ.

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. ಅವುಗಳ ದುಂಡನೆಯ ದೀಪಗಳಿಗೆ ಗಾಜಿನ ಮುಖವಿತ್ತು. ಗಾಜು ಕಲ್ಲೇಟಿಗೆ ಒಡೆಯುತ್ತಿತ್ತೇ ವಿನಾ ಬಿಸಿಲಿಗೆ ಹಳದಿಯಾಗುತ್ತಿರಲಿಲ್ಲ; ಒಡೆದರೆ ಹೊಸದನ್ನು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೂ ಕೊಳ್ಳಬಹುದಿತ್ತು. ಅಮೆರಿಕದಲ್ಲಂತೂ 1940ರಿಂದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಲ್ಬು, ಪ್ರತಿಫಲಕ, ಗಾಜು ಮೂರೂ ಒಂದೇ ಬುರುಡೆಯಲ್ಲಿ ಮುಚ್ಚಿಟ್ಟ ‘ಸೀಲ್ಡ್ ಬೀಮ್’ ದೀಪವನ್ನೇ ಎಲ್ಲ ಕಾರುಗಳಿಗೂ ಕಡ್ಡಾಯ ಮಾಡಲಾಗಿತ್ತು. ಬಲ್ಬು ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕಿತ್ತು. ಹಾಗಾಗಿ ಹೊಸ ಬಲ್ಬಿನ ಜೊತೆಗೆ ಹೊಸ ಗಾಜೂ ತಾನಾಗಿ ಬರುತ್ತಿತ್ತು. ಎಲ್ಲ ಕಂಪನಿಯ ಕಾರುಗಳಿಗೂ ಕೆಲವೇ ಅಳತೆಗಳಾದ್ದರಿಂದ ಬೆಲೆಯೂ ಕಡಿಮೆಯಿತ್ತು. ಆದರೆ ಕಾರು ತಯಾರಕರಿಗೆ ಇದು ಕೈಕಟ್ಟಿದಂತಾಗಿತ್ತು. ಗಾಳಿಯನ್ನು ಸೀಳಿಕೊಂಡು ಹೋಗುವ ನಯವಾದ ಮೂತಿ ಮಾಡಿದರೆ ಇಂಧನ ಉಳಿಯುತ್ತದೆ, ಅದಕ್ಕೆ ದೀಪವೂ ಮೂತಿಯ ಆಕಾರಕ್ಕೆ ಬಾಗಬೇಕು ಎಂಬುದು ಅವರ ವಾದ. 1983ರಲ್ಲಿ ಅಮೆರಿಕದ ನಿಯಮ ಸಡಿಲವಾಯಿತು. 1984ರ ಮಾದರಿಯ ಲಿಂಕನ್ ಮಾರ್ಕ್ 7 ಬಲ್ಬು ಮಾತ್ರ ಬದಲಿಸಬಹುದಾದ, ತನ್ನದೇ ಆಕಾರದ ದೀಪ ಹೊತ್ತು ಅಲ್ಲಿನ ಮಾರುಕಟ್ಟೆಗೆ ಬಂದ ಮೊದಲ ಕಾರಾಯಿತು. ಯುರೋಪಿನಲ್ಲಿ ತೊಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ ಮುಖದ ದೀಪಗಳು ಬಂದವು. ನಮ್ಮಲ್ಲಿ ಉದಾರೀಕರಣದ ನಂತರ ಬಂದ ಹೊಸ ತಲೆಮಾರಿನ ಕಾರುಗಳೊಡನೆ ಅವು ಮನೆಮನೆಗೂ ತಲುಪಿದವು.

ಈ ಪ್ಲಾಸ್ಟಿಕ್ಕಿನ ಹೆಸರು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಪರಸ್ಪರ ಅರಿಯದೆ, ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಸಿ.ಡಿ.ಗಳು, ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳ, ಕನ್ನಡಕದ ಮಸೂರಗಳು ಎಲ್ಲವೂ ಇದರಿಂದಲೇ ಆಗುತ್ತವೆ. ಗಾಜಿನ ಅರ್ಧದಷ್ಟು ತೂಕ. ಪೆಟ್ಟು ತಡೆಯುವ ಶಕ್ತಿಯೋ ಗಾಜಿನ ನೂರಾರು ಪಟ್ಟು. ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಡಿಕ್ಕಿಯಾದಾಗ ಚೂರುಚೂರಾಗಿ ಪಾದಚಾರಿಯ ಮೈಗೆ ಚುಚ್ಚುವುದಿಲ್ಲ. ಹೀಗಾಗಿ ಗಾಜಿಗೆ ಹಿಂತಿರುಗಿ ಎಂದು ತಯಾರಕರಿಗೆ ಹೇಳುವುದರಲ್ಲಿ ಅರ್ಥವಿಲ್ಲ.

ಅದರ ಕೊರತೆಗಳು ಎರಡು. ಮೈ ಮೆದು, ಬೇಗ ಗೀರು ಬೀಳುತ್ತದೆ. ಮತ್ತು ಸೂರ್ಯನ ಅತಿನೇರಳೆ ಕಿರಣಗಳನ್ನು ಅದು ತಾಳಿಕೊಳ್ಳಲಾರದು. ಆ ಕಿರಣಗಳು ಅದರ ಉದ್ದುದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಗಾಳಿಯ ಆಮ್ಲಜನಕ ಆ ತುಂಡುಗಳೊಂದಿಗೆ ಸೇರಿ ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಇದನ್ನು ಬಲ್ಲ ತಯಾರಕರು ದೀಪದ ಹೊರಮೈಗೆ ತೆಳುವಾದ, ಗಟ್ಟಿಯಾದ, ಪಾರದರ್ಶಕವಾದ ಒಂದು ಲೇಪವನ್ನು ಕೊಟ್ಟೇ ಕಾರ್ಖಾನೆಯಿಂದ ಹೊರಗೆ ಕಳಿಸುತ್ತಾರೆ. ಅದರ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಬಿಸಿಲು, ಮಳೆ, ಹೆದ್ದಾರಿಯ ಮರಳು, ಕಾರು ತೊಳೆಯುವ ಹುಡುಗನ ಒಣಬಟ್ಟೆ, ಇವೆಲ್ಲಕ್ಕೂ ಎದೆಯೊಡ್ಡುವುದು ಈ ಲೇಪವೇ. ಮೊದಲು ಅದು ಅಲ್ಲಲ್ಲಿ ಸವೆದು, ಬಿರುಕು ಬಿಟ್ಟು, ಪೊರೆಪೊರೆಯಾಗಿ ಏಳುತ್ತದೆ. ಆಮೇಲೆ ಕೆಳಗಿನ ಪ್ಲಾಸ್ಟಿಕ್ಕಿನ ಸರದಿ. ದೀಪ ಹಳತಾಗಿದೆ ಎಂದು ನಾವು ಹೇಳುವಾಗ ವಾಸ್ತವದಲ್ಲಿ ಹಳತಾಗಿರುವುದು ಅದರ ಚರ್ಮ ಮಾತ್ರ. ಒಳಗಿನ ಮೂರು ಮಿಲಿಮೀಟರು ಪ್ಲಾಸ್ಟಿಕ್ ಬಹುತೇಕ ಸ್ವಸ್ಥವಾಗಿಯೇ ಇರುತ್ತದೆ. ದುರಸ್ತಿ ಸಾಧ್ಯವಾಗುವುದು ಈ ಕಾರಣದಿಂದಲೇ.

ನಷ್ಟದ ಪ್ರಮಾಣವೆಷ್ಟು? 2018ರಲ್ಲಿ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಹಳೆಯ ಕಾರುಗಳ ಮಂಕು ದೀಪಗಳನ್ನು ಪ್ರಯೋಗಾಲಯದಲ್ಲಿ ಅಳೆಯಿಸಿತು. ಹೊಸ ದೀಪದ ಬೆಳಕನ್ನು ನೂರು ಎಂದಿಟ್ಟುಕೊಂಡರೆ ಹಳೆಯವು ಕೊಟ್ಟದ್ದು 22 ಮಾತ್ರ. ಉಜ್ಜಿ ದುರಸ್ತಿ ಮಾಡಿದ ಮೇಲೆ ಅದು ಸುಮಾರು 70ಕ್ಕೆ ಏರಿತು. ಈ ಅಂಕಿಗಳನ್ನು ಓದಿದಾಗ ಹಳೆಯ ಅಭ್ಯಾಸಬಲದಿಂದ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಬೆಳಕಿನ ಪ್ರಖರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಹಾಗಾದರೆ ಬೆಳಕು 22ಕ್ಕೆ ಇಳಿದಾಗ ಅದೇ ಪ್ರಖರತೆ ಸಿಗುವ ದೂರ ಅರ್ಧಕ್ಕಿಂತ ತುಸು ಕಡಿಮೆಯಾಗುತ್ತದೆ. ತಗ್ಗಿಸಿದ ದೀಪದಲ್ಲಿ 60 ಮೀಟರು ಕಾಣುತ್ತಿದ್ದವನಿಗೆ ಈಗ ಕಾಣುವುದು 28 ಮೀಟರು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು, ಚಾಲಕ ಬೆಚ್ಚಿ ಬ್ರೇಕು ತುಳಿಯಲು ಬೇಕಾದ ಒಂದೂವರೆ ಸೆಕೆಂಡಿನಲ್ಲಿಯೇ 25 ಮೀಟರು ಕ್ರಮಿಸಿರುತ್ತದೆ. ಒಣ ರಸ್ತೆಯ ಮೇಲೆ ಪೂರ್ತಿ ನಿಲ್ಲಲು ಇನ್ನೂ ಇಪ್ಪತ್ತು ಮೀಟರಿಗೂ ಹೆಚ್ಚು ಬೇಕು. 28 ಮೀಟರಿನೊಳಗೆ ನಿಲ್ಲಿಸಬೇಕಾದರೆ ಅಂಥ ಕಾರನ್ನು ಗಂಟೆಗೆ ಸುಮಾರು 42 ಕಿ.ಮೀ.ಗಿಂತ ವೇಗವಾಗಿ ಓಡಿಸುವಂತಿಲ್ಲ. ಇದು ಒರಟು ಲೆಕ್ಕ, ದೀಪದ ಬೆಳಕು ರಸ್ತೆಯ ಮೇಲೆ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ ಎಂಬುದೂ ನಿಜ. ಆದರೂ ತುಮಕೂರು ರಸ್ತೆಯಲ್ಲಿ ರಾತ್ರಿ ಹತ್ತು ಗಂಟೆಗೆ 42ರ ವೇಗದಲ್ಲಿ ಹೋಗುವ ಕಾರನ್ನು ನೀವು ಕಂಡಿದ್ದೀರಾ?

ಇದಕ್ಕೆ ಚಾಲಕನ ವಯಸ್ಸನ್ನೂ ಸೇರಿಸಿಕೊಳ್ಳಬೇಕು. ಇಪ್ಪತ್ತರ ಹರೆಯದವನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತು ದಾಟಿದವನ ಅಕ್ಷಿಪಟಲಕ್ಕೆ ತಲುಪುತ್ತದೆ ಎಂದು ನೇತ್ರವಿಜ್ಞಾನ ಹೇಳುತ್ತದೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಹಳೆಯ ಕಾರನ್ನು ಇಟ್ಟುಕೊಂಡು ಜೋಪಾನವಾಗಿ ಓಡಿಸುವವರಲ್ಲಿ ನನ್ನಂಥ ನಿವೃತ್ತರೇ ಹೆಚ್ಚು ಎಂಬುದನ್ನು ನೆನೆದರೆ, ಮಂಕು ದೀಪ ಮತ್ತು ಮಂಕು ಕಣ್ಣು ಒಂದೇ ಕಾರಿನಲ್ಲಿ ಕೂಡುವುದು ಅಪರೂಪವೇನೂ ಅಲ್ಲ.

ಬೆಳಕು ಸಾಲದೆಂದು ಅನ್ನಿಸಿದವರು ಸಾಮಾನ್ಯವಾಗಿ ಹಿಡಿಯುವ ದಾರಿ ಇನ್ನೂ ಅಪಾಯಕರವಾದದ್ದು. ಅವರು ದೀಪದ ಮುಖ ನೋಡುವುದಿಲ್ಲ, ಹೆಚ್ಚು ವಾಟ್‌ನ ಬಲ್ಬನ್ನೋ ಕಣ್ಣು ಕೋರೈಸುವ ಎಲ್‌ಇಡಿಯನ್ನೋ ತಂದು ಒಳಗೆ ಕೂರಿಸುತ್ತಾರೆ. ಮಂಕಾದ ಪ್ಲಾಸ್ಟಿಕ್ ಬೆಳಕನ್ನು ಬರೀ ತಡೆಯುವುದಿಲ್ಲ, ಚೆದುರಿಸುತ್ತದೆ ಕೂಡ. ಹಿಂದಿನ ಗಾಜಿನ ದೀಪಗಳಲ್ಲಿ ಬೆಳಕನ್ನು ಬೇಕಾದಲ್ಲಿಗೆ ತಿರುಗಿಸಲು ಗಾಜಿನ ಮೇಲೆಯೇ ಗೆರೆಗಳಿರುತ್ತಿದ್ದವು. ಈಗ ಆ ಕೆಲಸವನ್ನು ಒಳಗಿನ ಪ್ರತಿಫಲಕವೋ ಪ್ರೊಜೆಕ್ಟರೋ ಮಾಡುತ್ತದೆ, ಮುಂದಿನ ಪ್ಲಾಸ್ಟಿಕ್ಕು ಬರೀ ತಿಳಿಯಾದ ಕಿಟಕಿ. ಕಿಟಕಿಯೇ ಮಂಜಾದಾಗ ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೂ ಬದಿಗೂ ಚೆಲ್ಲಿ ಎದುರಿನಿಂದ ಬರುವವನ ಕಣ್ಣಿಗೆ ರಾಚುತ್ತದೆ. ಬಲ್ಬಿನ ಶಕ್ತಿ ಹೆಚ್ಚಿಸಿದಷ್ಟೂ ರಾಚುವುದು ಹೆಚ್ಚುತ್ತದೆ, ಜೊತೆಗೆ ಶಾಖವೂ. ಎದುರಿನವನೂ ಅದೇ ಉಪಾಯ ಮಾಡಿದ್ದರೆ ಇಬ್ಬರೂ ಕುರುಡರೇ.

ನಮ್ಮ ಮನೆಯ ಕಾರಿಗೆ ಈಗ ಹದಿಮೂರು ವರ್ಷ. ಎರಡೂ ದೀಪಗಳನ್ನು ಬದಲಿಸಲು ಎಷ್ಟಾಗುತ್ತದೆಂದು ಅಧಿಕೃತ ಸೇವಾ ಕೇಂದ್ರವೊಂದರಲ್ಲಿ ವಿಚಾರಿಸಿದಾಗ ಹದಿಮೂರು ಸಾವಿರದ ಮೇಲೆ ಅಂದಾಜು ಪಟ್ಟಿ ಕೊಟ್ಟರು. ಮುಂದಿನ ಪ್ಲಾಸ್ಟಿಕ್ ಮುಖ ಮಾತ್ರ ಬೇಕೆಂದರೆ ಅದು ಬಿಡಿಯಾಗಿ ಬರುವುದಿಲ್ಲ. ಪ್ರತಿಫಲಕ, ಡಬ್ಬಿ, ತಂತಿಯ ಜೋಡಣೆ ಎಲ್ಲ ಸೇರಿದ ಇಡಿಯ ‘ಅಸೆಂಬ್ಲಿ’ಯನ್ನೇ ಕೊಳ್ಳಬೇಕು. ಉಜ್ಜಿ ಸರಿಮಾಡಲಾಗದೇ ಎಂದು ಕೇಳಿದ್ದಕ್ಕೆ, ಅಂಥದ್ದನ್ನು ನಾವು ಶಿಫಾರಸು ಮಾಡುವುದಿಲ್ಲ ಎಂಬ ಉತ್ತರ ಬಂತು. ಕಚೇರಿ ಕಡತಗಳಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ‘ಶಿಫಾರಸು ಮಾಡುವುದಿಲ್ಲ’ ಮತ್ತು ‘ಆಗುವುದಿಲ್ಲ’ ಇವುಗಳ ನಡುವಣ ಅಂತರ ಗೊತ್ತಿರುತ್ತದೆ. ಜೆ.ಸಿ. ರಸ್ತೆಯ ಒಂದು ಅಡ್ಡಬೀದಿಯಲ್ಲಿ ಪೇಂಟಿಂಗ್ ಕೆಲಸದವರೊಬ್ಬರ ಬಳಿಗೆ ಹೋದೆ. ಎರಡೂ ದೀಪಕ್ಕೆ ಸಾವಿರದ ಇನ್ನೂರು ರೂಪಾಯಿ, ಎರಡು ಗಂಟೆ ಹೊತ್ತು ಎಂದರು. ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಪೂರ್ತಿ ನೋಡಿದೆ.

ಮೊದಲು ದೀಪವನ್ನು ಸೋಪಿನ ನೀರಿನಲ್ಲಿ ತೊಳೆದು ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪು ಅಂಟಿಸಿದರು. ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದ್ದ ವಾಟರ್ ಪೇಪರನ್ನು ತೆಗೆದು, 800ನೇ ನಂಬರಿನಿಂದ ಆರಂಭಿಸಿ ಒಂದೇ ದಿಕ್ಕಿನಲ್ಲಿ ಉಜ್ಜತೊಡಗಿದರು. ದೀಪದಿಂದ ಇಳಿದ ನೀರು ಅರಿಸಿನ ಬೆರೆಸಿದ ಹಾಲಿನಂತಿತ್ತು. ಸತ್ತ ಲೇಪವೂ ಹಳದಿಯಾದ ಪ್ಲಾಸ್ಟಿಕ್ಕೂ ಕರಗಿ ಬರುತ್ತಿದ್ದದ್ದು ಅದು. ನೀರು ಬೆಳ್ಳಗಾಗುವವರೆಗೆ ಉಜ್ಜಿ, ಆಮೇಲೆ 1,200ನೇ ನಂಬರಿನಿಂದ ಅಡ್ಡಲಾಗಿ, ಬಳಿಕ 2,000, ಕೊನೆಗೆ 3,000. ಪ್ರತಿ ಸಲವೂ ದಿಕ್ಕು ಬದಲಿಸುವುದೇಕೆಂದರೆ ಹಿಂದಿನ ಕಾಗದದ ಗೀರುಗಳು ಪೂರ್ತಿ ಹೋದುವೋ ಇಲ್ಲವೋ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಈ ಹಂತದಲ್ಲಿ ದೀಪ ಮೊದಲಿಗಿಂತ ಬೆಳ್ಳಗೆ, ಸ್ನಾನದ ಮನೆಯ ಕಿಟಕಿ ಗಾಜಿನಂತಾಗಿತ್ತು. ಮಾಲೀಕರು ಗಾಬರಿಯಾಗುವುದು ಇಲ್ಲಿಯೇ ಎಂದು ಅವರು ನಕ್ಕರು. ಯಂತ್ರಕ್ಕೆ ಸ್ಪಂಜು ಸಿಕ್ಕಿಸಿ ಪಾಲಿಶ್ ಹಾಕಿದ ಮೇಲೆ ನಿಧಾನವಾಗಿ ಒಳಗಿನ ಬಲ್ಬು ಕಾಣಿಸಿತು.

ಕೆಲಸ ಮುಗಿಯಿತೆಂದುಕೊಂಡು ನಾನು ಏಳುವಷ್ಟರಲ್ಲಿ ಅವರೆಂದರು: ‘ಕೂತ್ಕೊಳ್ಳಿ ಸಾರ್, ಅರ್ಧ ಕೆಲಸ ಈಗ ಆಗಿರೋದು. ಉಜ್ಜೋದನ್ನ ಯಾರು ಬೇಕಾದ್ರೂ ಉಜ್ತಾರೆ. ಮೇಲೆ ಕೋಟು ಹಾಕ್ದಿದ್ರೆ ಇನ್ನೊಂದು ಆರು ತಿಂಗಳಿಗೆ ನೀವೇ ಬಂದು ನನ್ನ ಬೈತೀರ.’ ಸ್ಪಿರಿಟ್ಟಿನಿಂದ ಒರೆಸಿ, ಧೂಳಿಲ್ಲದ ಒಳಕೋಣೆಗೆ ಕಾರನ್ನು ತಳ್ಳಿಸಿ, ಅತಿನೇರಳೆ ಕಿರಣ ತಡೆಯುವ ಎರಡು ಭಾಗದ ಕ್ಲಿಯರ್ ಕೋಟನ್ನು ತೆಳುವಾಗಿ ಎರಡು ಸಲ ಸಿಂಪಡಿಸಿದರು. ಒಂದು ದಿನ ಮಳೆಗೆ ಒಡ್ಡಬೇಡಿ, ಒಂದು ವಾರ ಸೋಪು ಹಾಕಬೇಡಿ ಎಂದರು. ಆ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಗೋಡೆಗೆ ದೀಪ ಹಾಕಿ ನೋಡಿದೆ. ಮೊದಲು ಗೋಡೆಯ ಮೇಲೆ ಮಬ್ಬಾಗಿ ಹರಡುತ್ತಿದ್ದ ಬೆಳಕಿಗೆ ಈಗ ಒಂದು ಸ್ಪಷ್ಟ ಅಂಚು ಮೂಡಿತ್ತು. ಎಡಬದಿಯಲ್ಲಿ ಆ ಅಂಚು ತುಸು ಮೇಲಕ್ಕೇರಿತ್ತು. ರಸ್ತೆಯ ಎಡಪಕ್ಕದ ಪಾದಚಾರಿ ಕಾಣಲಿ, ಬಲದಿಂದ ಎದುರು ಬರುವವನ ಕಣ್ಣಿಗೆ ಬೀಳದಿರಲಿ ಎಂದು ಎಂಜಿನಿಯರುಗಳು ಉದ್ದೇಶಪೂರ್ವಕವಾಗಿ ಮಾಡಿದ ಏರಿಕೆ ಅದು.

ಎಲ್ಲ ದೀಪಗಳಿಗೂ ಈ ಚಿಕಿತ್ಸೆ ಸಲ್ಲುವುದಿಲ್ಲ. ಒಳಗಡೆ ನೀರಿನ ಹನಿಯೋ ಮಬ್ಬೋ ಇದ್ದರೆ ಹೊರಗೆ ಎಷ್ಟು ಉಜ್ಜಿದರೂ ವ್ಯರ್ಥ. ಪ್ಲಾಸ್ಟಿಕ್ಕಿನ ಆಳದಲ್ಲಿಯೇ ಕೂದಲೆಳೆಯಂಥ ಬಿರುಕುಗಳಿದ್ದರೆ ಅಥವಾ ಪ್ರತಿಫಲಕದ ಬೆಳ್ಳಿಹೊಳಪು ಸುಟ್ಟುಹೋಗಿದ್ದರೆ ಬದಲಿಸುವುದೊಂದೇ ದಾರಿ. ಮತ್ತೆ ಮತ್ತೆ ಉಜ್ಜುತ್ತ ಹೋಗುವುದಕ್ಕೂ ಮಿತಿಯಿದೆ.

ಮನೆಮದ್ದುಗಳ ಕುರಿತು ಒಂದು ಮಾತು. ಹಲ್ಲುಜ್ಜುವ ಪೇಸ್ಟಿನಿಂದ ದೀಪ ಫಳಫಳ ಎನ್ನುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಓಡುತ್ತಿರುತ್ತವೆ. ಪೇಸ್ಟಿನಲ್ಲಿ ನುಣುಪಾದ ಉಜ್ಜುಪುಡಿ ಇರುವುದರಿಂದ ಹಗುರವಾದ ಮಂಕು ತಾತ್ಕಾಲಿಕವಾಗಿ ಹೋಗುವುದು ಸುಳ್ಳಲ್ಲ. ಅಳಿದುಳಿದ ಲೇಪವೂ ಅದರೊಂದಿಗೆ ಹೋಗುತ್ತದೆ ಎಂಬುದನ್ನು ವಿಡಿಯೊ ಹೇಳುವುದಿಲ್ಲ. ಸೊಳ್ಳೆ ಓಡಿಸುವ ಡೀಟ್ ದ್ರಾವಣ ಬಳಿಯುವವರೂ ಇದ್ದಾರೆ. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಮೆದುಮಾಡಿ ಗೀರುಗಳನ್ನು ಕಲಸಿಬಿಡುತ್ತದೆ. ಇವೆಲ್ಲಕ್ಕಿಂತ ಕಳವಳಕಾರಿಯಾದದ್ದು ಕಾಯಿಸಿದ ದ್ರಾವಕದ ಹಬೆ ಹಿಡಿಯುವ ವಿಧಾನ. ಪಾಲಿಕಾರ್ಬೊನೇಟಿಗೆ ಹೀಗೆ ಹೊಳಪು ತರಲು ಬಳಕೆಯಾಗುವ ಡೈಕ್ಲೋರೋಮೀಥೇನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿದೆ. ಅಮೆರಿಕ 2024ರಲ್ಲಿ ಅದರ ಬಹುಪಾಲು ಬಳಕೆಗಳನ್ನು ನಿಷೇಧಿಸಿತು. ಮೂಗಿಗೊಂದು ಕರ್ಚೀಫು ಕಟ್ಟಿಕೊಂಡು ದಿನಕ್ಕೆ ಹತ್ತು ಕಾರುಗಳಿಗೆ ಹಬೆ ಹಿಡಿಯುವ ಹುಡುಗನಿಗೆ ಸೀಸೆಯಲ್ಲಿರುವುದು ಏನೆಂದು ಹೇಳುವವರಾರು?

ಹಳೆಯ ಕಾರಿನ ಮಾರುಕಟ್ಟೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರದಿದ್ದಾಗ ಏನಾಗುತ್ತದೆಂಬುದನ್ನು ವಿವರಿಸಲು ಆರಿಸಿಕೊಂಡ ಉದಾಹರಣೆಯೇ ಹಳೆಯ ಕಾರು. 2001ರಲ್ಲಿ ಅವರಿಗೆ ಸ್ಪೆನ್ಸ್ ಮತ್ತು ಸ್ಟಿಗ್ಲಿಟ್ಸ್ ಜೊತೆ ನೊಬೆಲ್ ಸಂದಿತು. ಉಜ್ಜಿ ಹೊಳಪಿಸಿದ ದೀಪಕ್ಕೂ ಉಜ್ಜಿ ಲೇಪ ಕೊಟ್ಟ ದೀಪಕ್ಕೂ ಮಾರಾಟದ ದಿನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಲೇಪಕ್ಕೆ ದುಡ್ಡು ಹಾಕಿದ ವ್ಯಾಪಾರಿಗೆ ಅದರ ಬೆಲೆ ವಸೂಲಾಗುವುದಿಲ್ಲ. ಹೀಗಾಗಿ ಅನೇಕರು ಹಾಕುವುದೇ ಇಲ್ಲ. ಮುಂದಿನ ಬೇಸಿಗೆ ಕಳೆಯುವ ಹೊತ್ತಿಗೆ ಹೊಸ ಮಾಲೀಕನ ದೀಪಗಳು ಮತ್ತೆ ಮಜ್ಜಿಗೆ. ನಮ್ಮ ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಹಳೆಯ ಕಾರುಗಳ ಸಂಖ್ಯೆ ಹೊಸ ಕಾರುಗಳನ್ನು ಮೀರಿದೆ ಎಂಬುದನ್ನು ಗಮನಿಸಿದರೆ ಇದು ಸಣ್ಣ ವಂಚನೆಯಲ್ಲ.

ಸರ್ಕಾರ ಏನು ಮಾಡಬಹುದು? ಬಾಡಿಗೆ ವಾಹನಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅರ್ಹತಾ ಪತ್ರ, ಅಂದರೆ ಎಫ್.ಸಿ., ಪಡೆಯಬೇಕು. ಸ್ವಂತ ಕಾರುಗಳಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಅಂಥ ಪರೀಕ್ಷೆಯೇ ಇಲ್ಲ. 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಹಳೆಯ ಕಾರನ್ನು ಕೈಬಿಡುವಂತೆ ಮಾಡುವುದು ಅದರ ಉದ್ದೇಶ. ಆದರೆ ದೀಪ ಮಂಕಾಗುವುದು ಹದಿನೈದರಲ್ಲಲ್ಲ, ಆರು ಏಳರಲ್ಲಿ. ಈ ನಡುವೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪ್ರತಿಯೊಂದು ಕಾರೂ ಹೊಗೆ ತಪಾಸಣೆಗೆ ಹೋಗಲೇಬೇಕು. ಅಲ್ಲಿನ ಹುಡುಗ ಕಾರಿನ ಹಿಂಭಾಗದಲ್ಲಿ ನಳಿಕೆ ತೂರಿಸಿ, ಮುಂದೆ ಬಂದು ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾನೆ. ಆ ಫೋಟೊದಲ್ಲಿಯೇ ಎರಡೂ ದೀಪಗಳಿರುತ್ತವೆ! ಪ್ರಮಾಣಪತ್ರದ ಕೆಳಗೆ ‘ದೀಪದ ಮುಖ ಮಂಕಾಗಿದೆ’ ಎಂಬ ಒಂದು ಸಾಲಿನ ಸೂಚನೆ ಮುದ್ರಿಸಲು ಹೊಸ ಇಲಾಖೆ ಬೇಕಿಲ್ಲ. ದಂಡ, ಶುಲ್ಕ, ಮತ್ತೊಂದು ಪ್ರಮಾಣಪತ್ರ ಇವು ಯಾವುವೂ ಬೇಡವೆಂದೇ ನನ್ನ ಅಭಿಪ್ರಾಯ. ಪ್ರತಿ ಹೊಸ ಪತ್ರದ ಹಿಂದೆಯೂ ಒಂದು ಹೊಸ ಮಾಮೂಲು ಹುಟ್ಟಿಕೊಳ್ಳುವುದನ್ನು ಸರ್ಕಾರಿ ನೌಕರಿಯಲ್ಲಿದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲು ಮಾಲೀಕನಿಗೆ ತಿಳಿಯಲಿ. ಸಾವಿರದ ಇನ್ನೂರು ರೂಪಾಯಿಯಲ್ಲಿ ಆಗುವ ಕೆಲಸವೆಂದು ತಿಳಿದರೆ ಬಹಳ ಮಂದಿ ತಾವಾಗಿಯೇ ಮಾಡಿಸುತ್ತಾರೆ. ದಿನದ ಬಾಡಿಗೆಯಲ್ಲಿ ಬದುಕುವ ಟ್ಯಾಕ್ಸಿ ಚಾಲಕರಿಗೂ ಅದು ಎಟುಕುವ ಮೊತ್ತವೇ, ಹದಿಮೂರು ಸಾವಿರವಲ್ಲ.

ತಯಾರಕರನ್ನು ಮಾತ್ರ ಸ್ವಲ್ಪ ಬಿಗಿಯಾಗಿಯೇ ಕೇಳಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ 2022ರಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದು. ಮುಂದಿನ ಪ್ಲಾಸ್ಟಿಕ್ ಮುಖವನ್ನು ಡಬ್ಬಿಗೆ ಅಂಟಿನಿಂದ ಶಾಶ್ವತವಾಗಿ ಮೆತ್ತುವ ಬದಲು ರಬ್ಬರಿನ ಪಟ್ಟಿಯೊಡನೆ ತಿರುಪಿನಿಂದ ಬಿಗಿದು ಬಿಡಿಯಾಗಿ ಮಾರುವುದು, ಅಥವಾ ಕಾರ್ಖಾನೆಯ ಲೇಪಕ್ಕೆ ಇಂತಿಷ್ಟು ವರ್ಷವೆಂದು ವಾರಂಟಿ ಕೊಡುವುದು, ಎರಡರಲ್ಲಿ ಒಂದನ್ನು ಅವರು ಒಪ್ಪಬೇಕು. ಬಣ್ಣ ಏಳದಂತೆ, ತಗಡು ತುಕ್ಕು ಹಿಡಿಯದಂತೆ ವಾರಂಟಿ ಕೊಡಬಲ್ಲವರಿಗೆ ದೀಪದ ಮೇಲಿನ ಲೇಪಕ್ಕೆ ಕೊಡುವುದು ಏಕೆ ಕಷ್ಟ ಎಂಬುದನ್ನು ಆ ಸಮಿತಿಯ ಮುಂದೆ ಬಂದು ಅವರೇ ವಿವರಿಸಲಿ.